ಬೆಟ್ಟ ಎಂಬ ಪಥ್ಯ

ಬೆಟ್ಟ ಹತ್ತಿ ಇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುವುದು ಚಾರಣಿಗರೆಲ್ಲರ ಅನುಭವದ ಮಾತು. ಆ ಹಗುರ ಎಲ್ಲಿಂದ ಬರುತ್ತದೆ, ಎಷ್ಟು ದಿನ ಉಳಿಯುತ್ತದೆ, ಕಾಯಿಲೆಯ ಮಟ್ಟಕ್ಕೆ ಬೆಳೆದ ದುಃಖಕ್ಕೂ ಅದು ನಾಟುತ್ತದೆಯೇ ಎಂಬುದನ್ನು ವೈದ್ಯರೂ ಮನೋವಿಜ್ಞಾನಿಗಳೂ ಕಳೆದ ಕೆಲವು ದಶಕಗಳಲ್ಲಿ ಅಳೆದು ನೋಡಿದ್ದಾರೆ. ಚಾರಣ ಏರ್ಪಡಿಸುವವರ ಜಾಹೀರಾತಿನಷ್ಟು ದೊಡ್ಡ ಉತ್ತರ ಅವರಿಗೆ ಸಿಕ್ಕಿಲ್ಲ. ಸಿಕ್ಕಿರುವುದು ಇಷ್ಟು: ಬೆಟ್ಟದ ಗುಣ ಗುಳಿಗೆಯದಲ್ಲ, ಪಥ್ಯದ್ದು. ಅದಕ್ಕೆ ಅಳತೆ ಬೇಕು, ನೇಮ ಬೇಕು, ಜತೆಗೆ ಔಷಧಿಯೂ ನಡೆಯುತ್ತಿರಬೇಕು.

ಗುಣವಾಗಲೆಂದು ಬೆಟ್ಟ ಹತ್ತುವುದಕ್ಕೆ ಕನ್ನಡನಾಡಿನಲ್ಲಿ ಹಳೆಯ ಹೆಸರೊಂದಿದೆ: ಹರಕೆ. ಶಿವರಾತ್ರಿ, ದೀಪಾವಳಿಗಳ ಹೊತ್ತಿಗೆ ಕನಕಪುರ, ಮಂಡ್ಯದ ಕಡೆಯಿಂದ ಜನ ದಿನಗಟ್ಟಲೆ ನಡೆದು, ‘ಉಘೇ ಉಘೇ’ ಎನ್ನುತ್ತ ಎಪ್ಪತ್ತೇಳು ಮಲೆಯ ಮಾದಪ್ಪನ ಸನ್ನಿಧಿ ಸೇರುತ್ತಾರೆ. ಚಿಕ್ಕಮಗಳೂರಿನ ಮಲ್ಲೇನಹಳ್ಳಿ ಬಳಿಯ ದೇವೀರಮ್ಮನ ಬೆಟ್ಟವನ್ನು ದೀಪಾವಳಿಯಲ್ಲಿ ಬರಿಗಾಲಲ್ಲಿ, ಇನ್ನೂ ಕತ್ತಲಿರುವಾಗಲೇ ಹತ್ತಲು ತೊಡಗುವವರು ಸಾವಿರಾರು ಮಂದಿ. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಸಾವಿರ ಮೆಟ್ಟಿಲು ಕಟ್ಟಿಸಿದರು. ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತ ಹತ್ತುವ ಹೆಂಗಸರನ್ನು ಅಲ್ಲಿ ಆಷಾಢದಲ್ಲಿ ಈಗಲೂ ಕಾಣಬಹುದು.

ನಂಬಿಕೆಯ ಮಾತು ಬದಿಗಿಟ್ಟು ಹರಕೆಯ ಕಟ್ಟಳೆಯನ್ನಷ್ಟೇ ನೋಡಿದರೂ ಅದರ ಜಾಣತನ ಗೊತ್ತಾಗುತ್ತದೆ. ಹೋಗುವ ದಿನ ಮೊದಲೇ ನಿಶ್ಚಯವಾಗಿರುತ್ತದೆ, ಹಾಗಾಗಿ ಅಂದು ಮನಸ್ಸಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಒಬ್ಬರೇ ಹೋಗುವುದಿಲ್ಲ, ಮನೆಮಂದಿ, ನೆಂಟರು, ಊರವರು ಜತೆಗಿರುತ್ತಾರೆ. ಓಡುವ ಹಂಗಿಲ್ಲ, ಯಾರನ್ನೂ ಹಿಂದೆ ಹಾಕಬೇಕಿಲ್ಲ. ಬಹಳ ಮುಖ್ಯವಾಗಿ, ದೇಹ ದಣಿಯುವುದೇ ಇಲ್ಲಿ ಸಲ್ಲಿಕೆ. ಮೇಲೆ ತಲುಪಿ ಆರಾಮ ಮಾಡುವ ಮಾತು ಹರಕೆಯಲ್ಲಿ ಇಲ್ಲವೇ ಇಲ್ಲ.

ವಿಶ್ರಾಂತಿಯ ಬೆಟ್ಟ, ಶ್ರಮದ ಬೆಟ್ಟ

ಆರಾಮದ ಬೆಟ್ಟವನ್ನು ತಂದವರು ಬ್ರಿಟಿಷರು. ಬಯಲಿನ ಸೆಕೆ, ಮಲೇರಿಯಾಗಳಿಂದ ತಪ್ಪಿಸಿಕೊಳ್ಳಲು ಅವರು ಊಟಿ, ಶಿಮ್ಲಾಗಳನ್ನು ಬೆಳೆಸಿದರು. ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ನಂದಿ ಬೆಟ್ಟದ ಮೇಲೊಂದು ಮನೆ ಮಾಡಿಕೊಂಡರು. ಯುರೋಪಿನಲ್ಲಿ ಅದೇ ಕಾಲಕ್ಕೆ ಕ್ಷಯರೋಗಿಗಳನ್ನು ಸ್ವಿಟ್ಜರ್ಲೆಂಡಿನ ದಾವೋಸ್‌ನಂಥ ಎತ್ತರದ ಊರುಗಳಿಗೆ ಕಳಿಸಿ, ಮೊಗಸಾಲೆಯಲ್ಲಿ ಕಂಬಳಿ ಹೊದಿಸಿ ಮಲಗಿಸುತ್ತಿದ್ದರು. 1927ರಲ್ಲಿ ಗಾಂಧೀಜಿ ರಕ್ತದೊತ್ತಡದಿಂದ ಕುಸಿದಾಗ ವೈದ್ಯರು ಅವರಿಗೆ ವಿಧಿಸಿದ್ದೂ ಇಂಥದೇ ಬೆಟ್ಟವನ್ನು. 1,478 ಮೀಟರ್ ಎತ್ತರದ ನಂದಿಯಲ್ಲಿ, ಕಬ್ಬನ್ನರ ಅದೇ ಮನೆಯಲ್ಲಿ, ಅವರು ಸುಮಾರು ಆರು ವಾರ ಉಳಿದು ಚೇತರಿಸಿಕೊಂಡರು. 1936ರಲ್ಲಿ ಮತ್ತೆ ವಿಶ್ರಾಂತಿಗೆಂದು ಅಲ್ಲಿಗೇ ಬಂದರು.

ಹೃದ್ರೋಗಿಯನ್ನು ಹಾಸಿಗೆಯಿಂದ ಏಳಗೊಡದ ಆ ಕಾಲದಲ್ಲೇ ಮ್ಯೂನಿಕ್‌ನ ವೈದ್ಯ ಮ್ಯಾಕ್ಸ್ ಜೋಸೆಫ್ ಓರ್ಟೆಲ್ ಎದುರು ದಿಕ್ಕಿಗೆ ಹೊರಟಿದ್ದ. ಸ್ವತಃ ರಕ್ತಪರಿಚಲನೆಯ ತೊಂದರೆಯಿದ್ದ ಆತ ತನ್ನ ಮೇಲೇ ಪ್ರಯೋಗ ಮಾಡಿಕೊಂಡು, 1880ರ ದಶಕದಲ್ಲಿ ರೋಗಿಗಳಿಗೆ ಗುಡ್ಡ ಹತ್ತುವ ಚಿಕಿತ್ಸೆಯನ್ನು ಬರೆದುಕೊಡತೊಡಗಿದ. ದಾರಿಗಳನ್ನು ಅವುಗಳ ಏರಿಗೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸಿ, ಮೊದಲು ಸಮತಟ್ಟು, ಆಮೇಲೆ ಸಣ್ಣ ಏರು, ಕೊನೆಗೆ ಕಡಿದು ಎಂದು ವಾರದಿಂದ ವಾರಕ್ಕೆ ಹೆಚ್ಚಿಸುವುದು ಅವನ ಕ್ರಮ. ಜರ್ಮನಿ, ಆಸ್ಟ್ರಿಯಾಗಳ ಆರೋಗ್ಯಧಾಮಗಳಲ್ಲಿ ಇದಕ್ಕೆಂದೇ ದಾರಿಗಳು ಸಿದ್ಧವಾದವು. ಇಂದಿನ ಹೃದಯ ಪುನಶ್ಚೇತನ ಕೇಂದ್ರಗಳ ಟ್ರೆಡ್‌ಮಿಲ್ ಮಾಡುವುದು ಓರ್ಟೆಲ್ ಮಾಡಿಸಿದ್ದನ್ನೇ. ಬೆಟ್ಟವೊಂದು ಮಾತ್ರ ಅಲ್ಲಿಲ್ಲ. ಚಾರಣದ ಚಿಕಿತ್ಸಾಗುಣದ ಬಗ್ಗೆ ಈಗ ನಡೆಯುವ ಸಂಶೋಧನೆಯೆಲ್ಲ ಓರ್ಟೆಲ್‌ನ ಸಾಲಿಗೆ ಸೇರಿದ್ದು. ದಾವೋಸಿನ ಕಂಬಳಿಯ ಸಾಲಿಗಲ್ಲ. ಹರಕೆ ಹೊತ್ತವರು ಓರ್ಟೆಲ್‌ನ ಹೆಸರು ಕೇಳದೆಯೂ ಅವನ ಪಕ್ಷದವರೇ.

ಏರುವಾಗ, ಇಳಿಯುವಾಗ

ಬೆಟ್ಟದ ಏರಿನಲ್ಲಿ ದೇಹ ತನ್ನದೇ ತೂಕವನ್ನು ಹೊತ್ತು ಮೇಲೆತ್ತುತ್ತಿರುತ್ತದೆ. ತೊಡೆ, ಮೀನಖಂಡ, ಪೃಷ್ಠದ ದೊಡ್ಡ ಸ್ನಾಯುಗಳು ಒಟ್ಟಿಗೇ ದುಡಿಯುವುದರಿಂದ ನಿಧಾನ ನಡೆದರೂ ಎದೆಬಡಿತ ಏರುತ್ತದೆ. ಬಯಲಲ್ಲಿ ಓಡಿದರೆ ಸಿಗುವ ವ್ಯಾಯಾಮ ಇಲ್ಲಿ ನಡಿಗೆಯಲ್ಲೇ ಸಿಗುತ್ತದೆ. ಕೀಲುಗಳಿಗೆ ಓಟದ ಪೆಟ್ಟೂ ಇಲ್ಲ. ಗಂಟೆಗಟ್ಟಲೆ ನಡೆದ ಮೇಲೆ ಬರುವ ಹಿತವಾದ ಮಂಪರಿಗೆ ಕಾರಣವೆಂದು ಎಂಡಾರ್ಫಿನ್‌ನ ಹೆಸರು ಎಲ್ಲರ ಬಾಯಲ್ಲಿದೆ. ಆದರೆ ರಕ್ತದಲ್ಲಿ ಹರಿಯುವ ಎಂಡಾರ್ಫಿನ್ ಮಿದುಳಿನ ತಡೆಗೋಡೆ ದಾಟಿ ಒಳಹೋಗುವುದು ಕಷ್ಟ. ಈ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಎಂಡೊಕ್ಯಾನಬಿನಾಯ್ಡ್ ಎಂಬ, ದೇಹವೇ ತಯಾರಿಸಿಕೊಳ್ಳುವ ಬೇರೊಂದು ಗುಂಪಿನ ರಾಸಾಯನಿಕಗಳಿಗೆ ಸಲ್ಲಬೇಕೆಂದು ಈಗಿನ ಸಂಶೋಧಕರು ವಾದಿಸುತ್ತಾರೆ.

ಇಳಿಯುವುದನ್ನು ಚಾರಣಿಗರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಶಿಖರ ಮುಟ್ಟಿದಲ್ಲಿಗೆ ಕಥೆ ಮುಗಿಯಿತು ಎಂಬ ಭಾವ. ಆಸ್ಟ್ರಿಯಾದ ಫೋರಾರ್ಲ್‌ಬರ್ಗ್ ಪ್ರಾಂತ್ಯದಲ್ಲಿ ಹೈಂಜ್ ಡ್ರೆಕ್ಸೆಲ್ ಎಂಬ ವೈದ್ಯರ ತಂಡ ಇದನ್ನು ಪರೀಕ್ಷಿಸಲು ಸೊಗಸಾದ ಉಪಾಯ ಹೂಡಿತು. ಹೆಚ್ಚು ಓಡಾಟವಿಲ್ಲದ ಬದುಕಿನವರನ್ನು ಆರಿಸಿ, ಎರಡು ತಿಂಗಳು ಬೆಟ್ಟವನ್ನು ನಡೆದು ಹತ್ತಿಸಿ ಕೇಬಲ್ ಕಾರಿನಲ್ಲಿ ಇಳಿಸಿದರು. ಇನ್ನೆರಡು ತಿಂಗಳು ಕೇಬಲ್ ಕಾರಿನಲ್ಲಿ ಹತ್ತಿಸಿ ನಡೆದು ಇಳಿಸಿದರು. ಕೆಟ್ಟ ಕೊಲೆಸ್ಟರಾಲ್ ಎರಡರಲ್ಲೂ ತಗ್ಗಿತು. ಹತ್ತಿದಾಗ ಟ್ರೈಗ್ಲಿಸರೈಡ್ ಇಳಿಯಿತು. ಸಕ್ಕರೆಯನ್ನು ದೇಹ ನಿಭಾಯಿಸುವ ಶಕ್ತಿ ಸುಧಾರಿಸಿದ್ದು ಮಾತ್ರ ಇಳಿದಾಗ! ಇಳಿಯುವಾಗ ತೊಡೆಯ ಸ್ನಾಯು ಭಾರ ತಡೆಯುತ್ತಲೇ ಉದ್ದವಾಗುತ್ತಿರುತ್ತದೆ. ವಾಹನದ ಬ್ರೇಕಿನ ಕೆಲಸ ಅದು. ಏದುಸಿರು ಬರುವುದಿಲ್ಲ, ಆದರೆ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮ ಬಿರುಕುಗಳಾಗಿ ಅವು ಮರಳಿ ಕೂಡಿಕೊಳ್ಳುತ್ತವೆ. ಚಾರಣದ ಮರುದಿನಕ್ಕಿಂತ ಅದರ ಮರುದಿನ ತೊಡೆ ಹೆಚ್ಚು ನೋಯುವುದು ಇದರಿಂದಲೇ.

ನಿದ್ರೆಯ ಪಾಲನ್ನೂ ಇಲ್ಲೇ ಹೇಳಬೇಕು. ಕಚೇರಿಯ ಒಳಗಿನ ಬೆಳಕು ಕೆಲವು ನೂರು ಲಕ್ಸ್‌ನಷ್ಟಿದ್ದರೆ ಬಯಲಿನ ಹಗಲು ಹತ್ತಾರು ಸಾವಿರ ಲಕ್ಸ್. ಬೆಳಗಿನ ಆ ಬೆಳಕು ಕಣ್ಣಿನ ಮೂಲಕ ಮಿದುಳಿನ ಗಡಿಯಾರವನ್ನು ತಿದ್ದುತ್ತದೆ. ಸಂಜೆಯ ದಣಿವು ಉಳಿದದ್ದನ್ನು ಮಾಡುತ್ತದೆ. ನಿದ್ರೆ ಕೆಟ್ಟವರಿಗೆ ಬೆಟ್ಟ ಮೊದಲು ಕೊಡುವ ಉಡುಗೊರೆ ಒಂದು ರಾತ್ರಿಯ ಗಾಢ ನಿದ್ರೆ. ಅದನ್ನೇ ‘ಮನಶ್ಶಾಂತಿ’ ಎಂದು ಕರೆದವರೂ ಉಂಟು. ತಪ್ಪೇನಿಲ್ಲ.

ಕೊರಗಿನ ಚಕ್ರ

ಹಾಗಾದರೆ ಮನಸ್ಸಿಗೆ ಒಳಿತಾಗುವುದು ನಡಿಗೆಯಿಂದಲೋ ನೋಟದಿಂದಲೋ? ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ನೋಟದ ಪಕ್ಷಕ್ಕೆ ಸಾಕ್ಷಿ. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರ ಪೈಕಿ ಕಿಟಕಿಯಾಚೆ ಮರಗಳು ಕಾಣುತ್ತಿದ್ದ 23 ಮಂದಿ, ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಮಂದಿಗಿಂತ ಬೇಗ ಮನೆಗೆ ಹೋದರು. ಬಲವಾದ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡರು. ಮಲಗಿದಲ್ಲೇ ಇದ್ದವರಿಗೆ ಬರಿಯ ಹಸಿರು ಇಷ್ಟು ಮಾಡಿದರೆ ನಡಿಗೆಗೆ ಪ್ರತ್ಯೇಕ ಬೆಲೆ ಇದೆಯೇ ಎಂಬ ಅನುಮಾನ ಸಹಜ.

ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ತಂಡವೊಂದು 2017ರಲ್ಲಿ ಎರಡನ್ನೂ ಬಿಡಿಸಿ ನೋಡಿತು. ಒಂದೇ ಗುಂಪಿನ 42 ಜನ ಒಮ್ಮೆ ಸುಮಾರು ಮೂರು ಗಂಟೆ ಬೆಟ್ಟದಲ್ಲಿ ನಡೆದರು, ಒಮ್ಮೆ ಅಷ್ಟೇ ಹೊತ್ತು ಒಳಾಂಗಣದ ಟ್ರೆಡ್‌ಮಿಲ್ ಮೇಲೆ ನಡೆದರು, ಇನ್ನೊಮ್ಮೆ ಸುಮ್ಮನೆ ಕೂತರು. ಕೂತದ್ದಕ್ಕಿಂತ ಟ್ರೆಡ್‌ಮಿಲ್ ಮೇಲು. ಟ್ರೆಡ್‌ಮಿಲ್‌ಗಿಂತ ಬೆಟ್ಟ ಮೇಲು. ಗೆಲವು ಹೆಚ್ಚಿತ್ತು, ಆತಂಕ ತಗ್ಗಿತ್ತು, ದಣಿವೂ ಕಡಿಮೆ ಅನ್ನಿಸಿತ್ತು. ಅಂದರೆ ಶ್ರಮಕ್ಕೆ ಒಂದು ಪಾಲು, ಸ್ಥಳಕ್ಕೆ ಇನ್ನೊಂದು.

ಸ್ಥಳ ಮಾಡುವುದೇನು ಎಂಬುದಕ್ಕೆ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿಯ ವಿವರಣೆ ಇವತ್ತಿಗೂ ನಿಂತಿದೆ. ಮಿಚಿಗನ್ ವಿಶ್ವವಿದ್ಯಾಲಯದ ಈ ಮನೋವಿಜ್ಞಾನಿಗಳು ಗಮನದಲ್ಲಿ ಎರಡು ಬಗೆ ಎಂದರು. ಲೆಕ್ಕ ಬರೆಯುವಾಗ, ಟ್ರಾಫಿಕ್ಕಿನಲ್ಲಿ ಗಾಡಿ ಓಡಿಸುವಾಗ ಬಲವಂತವಾಗಿ ಹಿಡಿದಿಡುವ ಗಮನ ಒಂದು. ಅದು ಸವೆಯುತ್ತದೆ, ಸವೆದಾಗ ಸಿಡುಕು ಬರುತ್ತದೆ. ಹರಿಯುವ ನೀರು, ಅಲುಗುವ ಹುಲ್ಲು, ಕಣಿವೆಯಿಂದ ಏಳುವ ಮಂಜು ತಾನಾಗಿ ಸೆಳೆಯುವ ಗಮನ ಇನ್ನೊಂದು. ಅದಕ್ಕೆ ಶ್ರಮವಿಲ್ಲ, ಅದು ನಡೆಯುತ್ತಿರುವಷ್ಟು ಹೊತ್ತು ಮೊದಲನೆಯದಕ್ಕೆ ಬಿಡುವು. ಚಾರಣ ಇದಕ್ಕೊಂದು ಮೂರನೆಯದನ್ನು ಸೇರಿಸುತ್ತದೆ. ಬೇರು, ಸಡಿಲ ಕಲ್ಲು, ಜಾರುವ ಹುಲ್ಲಿನ ದಾರಿಯಲ್ಲಿ ಕಾಲು ಎಲ್ಲಿಡಬೇಕೆಂಬ ಎಚ್ಚರ ಹೆಜ್ಜೆಹೆಜ್ಜೆಗೂ ಬೇಕು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಹುಟ್ಟಿದ್ದು ಮೋಸಹೋಗಬೇಡ ಎನ್ನಲು. ಚಿಕಿತ್ಸೆಯ ಲೆಕ್ಕದಲ್ಲಿ ಹತ್ತಿರದ ಬೆಟ್ಟ ಒರಟಾಗಿರುವುದೇ ಲಾಭ. ಕಾಲಿನ ಮೇಲೆ ಕಣ್ಣಿಟ್ಟವರಿಗೆ ಹಳೆಯ ಕೊರಗಿನ ಕಡೆ ತಿರುಗಲು ಪುರುಸೊತ್ತಿಲ್ಲ.

ಕೊರಗು ಎಂಬ ಮಾತನ್ನು ಇಲ್ಲಿ ಸುಮ್ಮನೆ ಬಳಸಿಲ್ಲ. ಆದದ್ದನ್ನೇ, ಆಡಿದ್ದನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ಅರೆಯುತ್ತಿರುವುದು ಖಿನ್ನತೆಯ ದೊಡ್ಡ ಲಕ್ಷಣ. ಅದನ್ನು ಸಾಕುವುದೂ ಅದೇ. ಸ್ಟ್ಯಾನ್‌ಫರ್ಡ್‌ನಲ್ಲಿ ಗ್ರೆಗರಿ ಬ್ರಾಟ್ಮನ್ ಮತ್ತು ಸಂಗಡಿಗರು 38 ಜನರನ್ನು ಎರಡು ಗುಂಪು ಮಾಡಿ ಒಂದನ್ನು ಹುಲ್ಲು, ಓಕ್ ಮರಗಳ ದಾರಿಯಲ್ಲೂ ಇನ್ನೊಂದನ್ನು ವಾಹನ ಬಿಡುವಿಲ್ಲದೆ ಓಡಾಡುವ ಹೆದ್ದಾರಿಯ ಪಕ್ಕದಲ್ಲೂ 90 ನಿಮಿಷ ನಡೆಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲ ಗುಂಪಿನಲ್ಲಿ ಕೊರಗು ಕಡಿಮೆಯಾಗಿತ್ತು. ಕೊರಗುವಾಗ ಚುರುಕಾಗುವ ಮಿದುಳಿನ ಮುಂಭಾಗದ ಒಂದು ಪುಟ್ಟ ಪ್ರದೇಶವೂ ತಣ್ಣಗಾಗಿತ್ತು. ಹೆದ್ದಾರಿಯ ಬದಿ ನಡೆದವರಲ್ಲಿ ಎರಡೂ ಬದಲಾಗಲಿಲ್ಲ. ನಡೆದ ದೂರ ಹೆಚ್ಚುಕಮ್ಮಿ ಒಂದೇ, ನಡೆದ ಜಾಗ ಬೇರೆ.

ಇಂಥ ಅಧ್ಯಯನಗಳನ್ನು ಓದುವಾಗ ಸ್ವಲ್ಪ ಕೈ ಬಿಗಿಹಿಡಿಯುವುದು ಒಳ್ಳೆಯದು. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ‘ಶಿನ್ರಿನ್ ಯೋಕು’, ಅಂದರೆ ಕಾಡಿನ ಸ್ನಾನ, ಎಂಬ ಹೆಸರಿಟ್ಟು ಹರಡಿದ ಅಭ್ಯಾಸಕ್ಕೆ ವೈದ್ಯಕೀಯ ಆಧಾರ ಒದಗಿಸಿದವರು ಟೋಕಿಯೊದ ಚಿಂಗ್ ಲಿ. ಮೂರು ದಿನ ಕಾಡಿನಲ್ಲಿ ಅಡ್ಡಾಡಿದ ನೌಕರರ ರಕ್ತದಲ್ಲಿ ರೋಗನಿರೋಧಕ ಕಣಗಳ ಚಟುವಟಿಕೆ ಹೆಚ್ಚಿದ್ದನ್ನು ಅವರು ತೋರಿಸಿದರು. ಆದರೆ ಅವರ ಮೊದಲ ಪ್ರಯೋಗದಲ್ಲಿದ್ದವರು 12 ಗಂಡಸರು. ಅಮೆರಿಕದ ಡೇವಿಡ್ ಸ್ಟ್ರೇಯರ್ ತಂಡ 2012ರಲ್ಲಿ ನಾಲ್ಕು ದಿನ ಚಾರಣ ಮಾಡಿದವರ ಸೃಜನಶೀಲತೆಯ ಅಂಕ ಶೇ 50ರಷ್ಟು ಏರಿದ್ದನ್ನು ಕಂಡಿತು. ಅವರ ಬಳಿ ಆ ನಾಲ್ಕೂ ದಿನ ಫೋನ್ ಇರಲಿಲ್ಲ. ಏರಿಸಿದ್ದು ಕಾಡೋ ಫೋನಿನ ಗೈರುಹಾಜರಿಯೋ ಎಂದು ಆ ಅಧ್ಯಯನದಿಂದ ಹೇಳಲಾಗದು. ಹೇಗೂ ಮಲೆನಾಡಿನ ಬಹಳಷ್ಟು ಬೆಟ್ಟಗಳಲ್ಲಿ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ ಎರಡೂ ಲಾಭ ಒಟ್ಟಿಗೇ ಸಿಗುತ್ತವೆ ಎನ್ನಬಹುದು.

ಸಾಲ್ಸ್‌ಬರ್ಗಿನ ಇಪ್ಪತ್ತು ಜನ

ಆರೋಗ್ಯವಂತರ ಮನಸ್ಸು ಹಗುರಾಗುವುದು ಒಂದು ವಿಷಯ. ಕಾಯಿಲೆ ಗುಣವಾಗುವುದು ಬೇರೆಯೇ ವಿಷಯ. ಇದನ್ನು ನೇರವಾಗಿ ಪರೀಕ್ಷಿಸಿದವರು ಆಸ್ಟ್ರಿಯಾದ ಸಾಲ್ಸ್‌ಬರ್ಗಿನ ವೈದ್ಯರು. ಹಿಂದೆ ಆತ್ಮಹತ್ಯೆಗೆ ಯತ್ನಿಸಿದ್ದ, ಮುಂದೇನೂ ಇಲ್ಲ ಎಂಬ ಹತಾಶೆ ಬಿಡದ 20 ಜನರನ್ನು ಅವರು ಆರಿಸಿಕೊಂಡರು. ಒಂಬತ್ತು ವಾರ, ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಎರಡು ಎರಡೂವರೆ ಗಂಟೆ, ಮಾರ್ಗದರ್ಶಕರ ಜತೆ ಬೆಟ್ಟ ಹತ್ತುವುದು. ಇನ್ನೊಂಬತ್ತು ವಾರ ಚಾರಣವಿಲ್ಲದೆ ಎಂದಿನ ಬದುಕು. ಅರ್ಧ ಜನರಿಗೆ ಮೊದಲು ಬೆಟ್ಟ, ಉಳಿದರ್ಧ ಜನರಿಗೆ ಆಮೇಲೆ. 2012ರಲ್ಲಿ ಪ್ರಕಟವಾದ ವರದಿಯಂತೆ ಚಾರಣದ ವಾರಗಳಲ್ಲಿ ಹತಾಶೆ, ಖಿನ್ನತೆ, ಸಾಯಬೇಕೆಂಬ ಯೋಚನೆ ಮೂರೂ ಗಮನಾರ್ಹವಾಗಿ ತಗ್ಗಿದವು.

ಇಪ್ಪತ್ತೇ ಜನ ಎಂಬುದು ನಿಜವಾದ ಕೊರತೆ. ಆದರೂ ಈ ಪ್ರಯೋಗದ ವಿನ್ಯಾಸದಲ್ಲಿ ಕಲಿಯಲು ಬಹಳ ಇದೆ. ಎತ್ತರದ ಶಿಖರವಿಲ್ಲ. ಇಡೀ ದಿನದ ಸಾಹಸವಿಲ್ಲ. ವಾರಾಂತ್ಯಕ್ಕೊಮ್ಮೆ ಬಸ್ ಹತ್ತಿ ಹೋಗಿ ಬರುವುದಿಲ್ಲ. ಎರಡು ಗಂಟೆಯ ಗುಡ್ಡ. ಆದರೆ ವಾರಕ್ಕೆರಡು ಸಲ, ಗೊತ್ತಾದ ದಿನ, ಗೊತ್ತಾದ ಜನರ ಜತೆ. ಯಾರೋ ತನಗಾಗಿ ಬೆಟ್ಟದ ಬುಡದಲ್ಲಿ ಕಾಯುತ್ತಿರುತ್ತಾರೆ ಎಂಬುದೇ ಕೆಲವರನ್ನು ಹಾಸಿಗೆಯಿಂದ ಎಬ್ಬಿಸಬಲ್ಲದು. ಹರಕೆಯ ಕಟ್ಟಳೆಗೂ ಸಾಲ್ಸ್‌ಬರ್ಗಿನ ವೇಳಾಪಟ್ಟಿಗೂ ಇರುವ ಹೋಲಿಕೆಯನ್ನು ಬೇರೆ ಹೇಳಬೇಕಿಲ್ಲ.

ಜತೆಗಾರರ ವಿಷಯದಲ್ಲಿ ಬೆಟ್ಟಕ್ಕೆ ಇನ್ನೊಂದು ಅನುಕೂಲವಿದೆ. ಎದುರುಬದುರು ಕೂತು ಹೇಳಲಾಗದ್ದನ್ನು ಅಕ್ಕಪಕ್ಕ ನಡೆಯುತ್ತ ಹೇಳಬಹುದು. ಕಣ್ಣು ದಾರಿಯ ಮೇಲಿರುತ್ತದೆ, ಮಾತು ನಿಂತರೆ ಮೌನ ಅಸಹಜ ಅನ್ನಿಸುವುದಿಲ್ಲ, ಏರು ಬಂದಾಗ ಇಬ್ಬರೂ ಸುಮ್ಮನಾಗಲೇಬೇಕು. ಹೆಂಡತಿಯನ್ನೋ ಮಗನನ್ನೋ ಕಳೆದುಕೊಂಡವರಿಗೆ ಸಾಂತ್ವನ ಹೇಳಲು ಬಂದು ಎದುರು ಕೂರುವವರಿಗಿಂತ ಜತೆಗೆ ನಾಲ್ಕು ಹೆಜ್ಜೆ ಹಾಕುವವರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ದುಃಖದಿಂದ ಹುಟ್ಟಿದ ದಾರಿ

ಅಮೆರಿಕದ ಪೂರ್ವ ಭಾಗದಲ್ಲಿ ಜಾರ್ಜಿಯಾದಿಂದ ಮೇನ್‌ವರೆಗೆ ಸುಮಾರು 3,500 ಕಿಲೋಮೀಟರ್ ಉದ್ದಕ್ಕೆ ಬೆಟ್ಟಗಳ ಬೆನ್ನೇರಿ ಸಾಗುವ ಅಪಲೇಚಿಯನ್ ಟ್ರೇಲ್ ಜಗತ್ತಿನ ಪ್ರಸಿದ್ಧ ಚಾರಣ ಹಾದಿಗಳಲ್ಲೊಂದು. ಅದನ್ನು ಕಲ್ಪಿಸಿದವರು ಅರಣ್ಯ ತಜ್ಞ ಬೆಂಟನ್ ಮೆಕಾಯ್. 1921ರ ಏಪ್ರಿಲ್‌ನಲ್ಲಿ ಅವರ ಪತ್ನಿ, ಮಹಿಳೆಯರ ಮತದಾನದ ಹಕ್ಕಿಗಾಗಿ ದುಡಿದ ಜೆಸ್ಸಿ ಹಾರ್ಡಿ ಸ್ಟಬ್ಸ್, ಮಾನಸಿಕವಾಗಿ ಬಳಲಿ ಆತ್ಮಹತ್ಯೆ ಮಾಡಿಕೊಂಡರು. ಆ ಬೇಸಗೆಯಲ್ಲಿ ನ್ಯೂಜೆರ್ಸಿಯ ಒಂದು ತೋಟದಲ್ಲಿ ಗೆಳೆಯರ ನೆರಳಲ್ಲಿದ್ದ ಮೆಕಾಯ್ ಈ ಹಾದಿಯ ಯೋಜನೆ ಬರೆದರು. ಅಕ್ಟೋಬರ್‌ನಲ್ಲಿ ವಾಸ್ತುಶಿಲ್ಪಿಗಳ ಪತ್ರಿಕೆಯೊಂದರಲ್ಲಿ ಅದು ಅಚ್ಚಾಯಿತು. ಬೆಟ್ಟಸಾಲಿನ ಗಾಳಿ ಕ್ಷಯರೋಗಿಗಳ, ಮನೋರೋಗಿಗಳ ಜೀವ ಉಳಿಸಬಲ್ಲ ಸಂಪತ್ತು ಎಂಬ ವಾದ ಆ ಯೋಜನೆಯಲ್ಲೇ ಇದೆ. ಪತ್ನಿಯ ಹೆಸರು ಅದರಲ್ಲಿಲ್ಲ, ಇರಬೇಕಾಗಿಯೂ ಇಲ್ಲ.

ಹಾದಿ 1937ರಲ್ಲಿ ಪೂರ್ಣವಾಯಿತು. ಅದನ್ನು ಒಂದೇ ಸಲಕ್ಕೆ ಈ ತುದಿಯಿಂದ ಆ ತುದಿಗೆ ನಡೆದ ಮೊದಲಿಗನೆಂದು ದಾಖಲಾದವನು ಅರ್ಲ್ ಶಾಫರ್. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ರಣರಂಗದಿಂದ ಬದುಕಿ ಬಂದ ಸೈನಿಕ ಆತ. ಜತೆಗೆ ಚಾರಣ ಮಾಡೋಣ ಎಂದು ಮಾತಾಗಿದ್ದ ಬಾಲ್ಯದ ಗೆಳೆಯ ಇವೊ ಜಿಮಾ ದ್ವೀಪದ ಕದನದಲ್ಲಿ ಸತ್ತಿದ್ದ. ಯುದ್ಧವನ್ನು ಮೈಯಿಂದ ನಡೆದು ಕಳೆಯಬೇಕೆಂದು 1948ರ ಏಪ್ರಿಲ್‌ನಲ್ಲಿ ಹೊರಟ ಶಾಫರ್ ನಾಲ್ಕು ತಿಂಗಳ ನಂತರ ಮೇನ್‌ನ ಕಟಾಡಿನ್ ಶಿಖರ ತಲುಪಿದ. ಅಷ್ಟಕ್ಕೇ ಎಲ್ಲವೂ ಕಳೆದುಹೋಯಿತೆಂದು ಹೇಳಲಾಗದು. 1965ರಲ್ಲಿ ಅದೇ ಹಾದಿಯನ್ನು ಎದುರು ದಿಕ್ಕಿನಿಂದ ಮತ್ತೆ ನಡೆದ. 1998ರಲ್ಲಿ, 80ರ ಹೊಸ್ತಿಲಲ್ಲಿ, ಮೂರನೆಯ ಸಲ.

ಭಾರತದಲ್ಲಿ ಇಂಥ ಮಾತು ಬಂದಾಗಲೆಲ್ಲ ಅರುಣಿಮಾ ಸಿನ್ಹಾ ಹೆಸರು ಬರುತ್ತದೆ. ವಾಲಿಬಾಲ್ ಆಟಗಾರ್ತಿಯಾಗಿದ್ದ ಅವರನ್ನು 2011ರಲ್ಲಿ ದರೋಡೆಕೋರರು ಓಡುವ ರೈಲಿನಿಂದ ನೂಕಿದರು. ಎಡಗಾಲನ್ನು ಮಂಡಿಯ ಕೆಳಗೆ ಕತ್ತರಿಸಬೇಕಾಯಿತು. ಬಚೇಂದ್ರಿ ಪಾಲ್ ಅವರ ಬಳಿ ತರಬೇತಾಗಿ 2013ರ ಮೇ 21ರಂದು ಕೃತಕ ಕಾಲಿನಲ್ಲಿ ಎವರೆಸ್ಟ್ ಏರಿದರು. ಸಾಧನೆ ದೊಡ್ಡದೇ, ಆದರೆ ಇದನ್ನು ಉಪಶಮನದ ಮಾದರಿಯಾಗಿ ಮುಂದಿಡುವುದು ಅಪಾಯ. ಎವರೆಸ್ಟಿನ ಎತ್ತರಕ್ಕೂ ಗುಣವಾಗುವುದಕ್ಕೂ ಸಂಬಂಧವಿಲ್ಲ. ಹೆಚ್ಚಿನ ಎತ್ತರದಲ್ಲಿ ಆಮ್ಲಜನಕದ ಕೊರತೆಯಿಂದ ನಿದ್ರೆ ಕೆಡುತ್ತದೆ, ಮನಸ್ಸು ಮಂಕಾಗುತ್ತದೆ. ಸುಮಾರು 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಕಾಣಿಸಿಕೊಳ್ಳತೊಡಗುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್ ಇರುವುದರಿಂದ ಆ ಭಯ ಇಲ್ಲಿಲ್ಲ. ಗುಣಪಡಿಸುವ ಬೆಟ್ಟ ಬೇಕೆಂದವರು ಹಿಮಾಲಯಕ್ಕೆ ಹೋಗಬೇಕಿಲ್ಲ.

ಅಳತೆ ತಪ್ಪಿದಾಗ

ಹೋಗುವವರೆಲ್ಲ ಒಂದೇ ಕಡೆ, ಒಂದೇ ದಿನ ಹೋದರೆ ಏನಾಗುತ್ತದೆಂಬುದನ್ನು 2024ರ ಜನವರಿ ಕೊನೆಯ ವಾರ ಕುಮಾರಪರ್ವತ ತೋರಿಸಿತು. ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಜನ ಒಟ್ಟಿಗೇ ಬಂದು, ಗಿರಿಗದ್ದೆಯ ದಾರಿಯುದ್ದಕ್ಕೂ ಸಾಲುಗಟ್ಟಿ ನಿಂತ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಸರ್ಕಾರ ಚಾರಣಕ್ಕೆ ತಾತ್ಕಾಲಿಕ ತಡೆ ಹಾಕಿ, ಆಮೇಲೆ ಆನ್‌ಲೈನ್‌ನಲ್ಲಿ ಮೊದಲೇ ಕಾದಿರಿಸಿದವರಿಗಷ್ಟೇ, ದಿನಕ್ಕೆ ಇಷ್ಟೇ ಮಂದಿ ಎಂಬ ವ್ಯವಸ್ಥೆ ತಂದಿತು. ಕಾಡಿನ ಹಿತಕ್ಕೆಂದು ಬಂದ ನಿಯಮ ಇದು. ಚಾರಣಿಗರ ಮನಸ್ಸಿಗೂ ಅದರಿಂದ ಉಪಕಾರವೇ ಆಯಿತು. ಸಾಲಿನಲ್ಲಿ ನಿಂತು ಮುಂದಿನವರ ಬೆನ್ನುಚೀಲ ನೋಡುತ್ತ ಹತ್ತಿದರೆ ಕಪ್ಲಾನ್ ದಂಪತಿ ಹೇಳಿದ ಬಿಡುವು ಎಲ್ಲಿಂದ ಬರಬೇಕು?

ಕುಮಾರಪರ್ವತದ್ದೇ ಇನ್ನೊಂದು ತಪ್ಪು ಲೆಕ್ಕವೂ ಉಂಟು. 1,712 ಮೀಟರ್ ಎತ್ತರದ ಅದನ್ನು ಸಮುದ್ರಮಟ್ಟಕ್ಕೆ ಹತ್ತಿರದ ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತುವವರು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಬೇಕು. ವಾರವಿಡೀ ಕುರ್ಚಿಯಲ್ಲಿ ಕೂತವರು ಶುಕ್ರವಾರ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು, ಶನಿವಾರ ಬೆಳಿಗ್ಗೆ ಇದಕ್ಕೆ ಕೈಹಾಕುತ್ತಾರೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸರಳ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಗಟ್ಟಿಮುಟ್ಟಾದವರಿಗೆ ಹೇಳಿದ ಲೆಕ್ಕ ಅದು. ಹೊಸಬರು ಅದರ ಒಂದೂವರೆ ಪಟ್ಟು ಹಿಡಿಯಬೇಕು. ವೇಗಕ್ಕೆ ಅಳತೆ ಇನ್ನೂ ಸುಲಭ: ಹತ್ತುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಎಷ್ಟು ಸಲ ಎಂಬ ಪ್ರಶ್ನೆಗೂ ಒಂದು ಅಂದಾಜಿದೆ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೆ ಒಟ್ಟು 120 ನಿಮಿಷವಾದರೂ ಹಸಿರಿನಲ್ಲಿ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದದ್ದು ಹೆಚ್ಚು. ಒಂದೇ ಸಲ ಕಳೆದರೂ ಸರಿ, ಬಿಡಿಬಿಡಿಯಾಗಿ ಕಳೆದರೂ ಸರಿ. ವರ್ಷಕ್ಕೊಮ್ಮೆ ಕೊಡಚಾದ್ರಿಗೆ ಹೋಗುವವರಿಗಿಂತ ವಾರಕ್ಕೆರಡು ಸಲ ಊರ ಗುಡ್ಡ ಹತ್ತುವವರಿಗೆ ಲಾಭ ಜಾಸ್ತಿ ಎಂದು ಇದರಿಂದ ತಿಳಿಯಬಹುದು. ಮೈಸೂರಿನವರಿಗೆ ಚಾಮುಂಡಿ, ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ, ತುಮಕೂರಿನವರಿಗೆ ದೇವರಾಯನದುರ್ಗ, ಗದುಗಿನವರಿಗೆ ಕಪ್ಪತಗುಡ್ಡ, ಗಂಗಾವತಿಯವರಿಗೆ ಅಂಜನಾದ್ರಿ ಇದ್ದೇ ಇವೆ. ಬೆಳಿಗ್ಗೆ ಐದೂವರೆಗೆ ಚಾಮುಂಡಿಯ ಮೆಟ್ಟಿಲ ಬುಡದಲ್ಲಿ ನಿಂತರೆ ಪಥ್ಯ ಹಿಡಿದವರ ಮುಖಗಳು ಕಾಣುತ್ತವೆ.

ಎಚ್ಚರಿಕೆಗಳು ಕೆಲವು. ಹೃದಯದ ತೊಂದರೆ, ಅಧಿಕ ರಕ್ತದೊತ್ತಡ ಇದ್ದವರು ವೈದ್ಯರನ್ನು ಕೇಳದೆ ಏರು ಹತ್ತಬಾರದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ದೀರ್ಘ ನಡಿಗೆಯ ನಂತರ ರಾತ್ರಿಯೂ ಸಕ್ಕರೆ ತೀರ ಇಳಿಯಬಹುದು. ಜೇಬಿನಲ್ಲಿ ಬೆಲ್ಲವೋ ಗ್ಲೂಕೋಸೋ ಇರಲೇಬೇಕು. ಮಂಡಿ ಸವೆದವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಊರುಗೋಲು ಸಹಾಯಕ್ಕೆ ಬರುತ್ತದೆ. ಚಾರಣದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣದ ಮಾತೊಂದು: ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಬೆವರು ಹೋಗಿ ನೀರು ಕಡಿಮೆಯಾದರೆ ರಕ್ತದಲ್ಲಿ ಆ ಔಷಧಿಯ ಪ್ರಮಾಣ ವಿಷದ ಮಟ್ಟಕ್ಕೆ ಏರಬಲ್ಲದು. ಬೇರೆ ಕೆಲವು ಮನೋರೋಗದ ಔಷಧಿಗಳು ಬಿಸಿಲು ತಡೆಯುವ ಶಕ್ತಿಯನ್ನು ಕುಗ್ಗಿಸುತ್ತವೆ. ಮನಸ್ಸು ಹಗುರಾಯಿತೆಂದು ಗುಳಿಗೆ ನಿಲ್ಲಿಸುವುದಂತೂ ಆಗಾಗ ಕಂಡುಬರುವ, ದುಬಾರಿಯಾಗುವ ತಪ್ಪು. ಇನ್ನು ಮಲೆನಾಡಿನ ವಿಷಯಕ್ಕೆ ಬಂದರೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಸರಿಯಾಗಿ ಚಾರಣದ ಹಂಗಾಮಿನಲ್ಲೇ, ಚಳಿಗಾಲದಿಂದ ಬೇಸಗೆಯವರೆಗೆ. ಮೈತುಂಬ ಬಟ್ಟೆ, ಉಣ್ಣೆಹುಳು ಕಚ್ಚದಂತೆ ಡೆಪಾ ಎಣ್ಣೆ, ಹಿಂತಿರುಗಿದ ಮೇಲೆ ಬಿಸಿನೀರಿನ ಸ್ನಾನ. ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಬೇಕು.

ಖಿನ್ನತೆ ಬಲಿತಾಗ ಬೆಟ್ಟದ ಮಾತು ಹಾಗಿರಲಿ, ಹಾಸಿಗೆಯಿಂದ ಎದ್ದು ಮುಖ ತೊಳೆಯುವುದೂ ಆಗುವುದಿಲ್ಲ. ಅಂಥವರಿಗೆ ‘ಒಂದು ಟ್ರೆಕ್ ಹೋಗಿ ಬಾ, ಸರಿಹೋಗುತ್ತದೆ’ ಎನ್ನುವುದು ಕಾಲು ಮುರಿದವರಿಗೆ ಓಡು ಎಂದಂತೆ. ಮೊದಲು ಬೇಕಾದದ್ದು ವೈದ್ಯರು. ಬೆಟ್ಟದ ಸರದಿ ಆಮೇಲೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ಮಾರ್ಗದರ್ಶನವಿದೆ. ಸಂಖ್ಯೆ 14416. ಹಗಲು ರಾತ್ರಿ ಎನ್ನದೆ, ಉಚಿತವಾಗಿ, ಕನ್ನಡದಲ್ಲೂ ಮಾತಾಡಬಹುದು.